ಪೆಲ್ಟನ್ ದಿಣ್ಣೆಯ ಸಾಣೆಕಲ್ಲು

ನಮ್ಮ ಅಜ್ಜ ಅಬಯಾಥರ್ ಪೆಲ್ಟನ್ ಒಹಾಯೊದಿಂದ ನೆಬ್ರಾಸ್ಕಾದವರೆಗೆ ಒಂದು ಸಾಣೆಕಲ್ಲನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದ, ದಾರಿಯಲ್ಲಿ ಒಮ್ಮೆಯೂ ಅದನ್ನು ಕೆಳಗಿಳಿಸಲಿಲ್ಲ ಎಂಬುದು ನಮ್ಮ ಊರು ಪೆಲ್ಟನ್ ದಿಣ್ಣೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಬೇರೆ ಬಂಡಿಗಳವರು ಎತ್ತು ಸೋತ ಕೂಡಲೇ ಮಂಚ ಎಸೆದರು, ಕಬ್ಬಿಣದ ಒಲೆ ಎಸೆದರು, ಮದುವೆಗೆ ಬಂದ ಗಡಿಯಾರ ಎಸೆದರು. ಅಜ್ಜ ಮಾತ್ರ ಏನನ್ನೂ ಎಸೆಯಲಿಲ್ಲ. ದೊಡ್ಡಪ್ಪ ಲಿಯಾಂಡರ್ ಇದನ್ನು ಪ್ರತಿ ಆಗಸ್ಟ್ ತಿಂಗಳಲ್ಲಿ ಹಳೇ ನೆಲಸಿಗರ ಕೂಟದಲ್ಲಿ ಎದ್ದು ನಿಂತು ಹೇಳುತ್ತಾರೆ. ಅವರು ಹೇಳುವಾಗ ಕಲ್ಲಿನ ತೂಕ ವರ್ಷದಿಂದ ವರ್ಷಕ್ಕೆ ಏರುತ್ತದೆ. ಕಲ್ಲು ನಮ್ಮ ಮನೆಯ ಮುಂದೆ, ರಸ್ತೆಗೂ ಅಡುಗೆಮನೆಯ ಬಾಗಿಲಿಗೂ ನಡುವೆ, ಕಾಡು ಪ್ಲಮ್ ಪೊದೆಗಳ ಪಕ್ಕದಲ್ಲಿ ಮಲಗಿದೆ. ಅದು ಮೊದಲಿದ್ದಷ್ಟೇ ಇದೆ.

ಊರು ಹುಟ್ಟಿ ನಲವತ್ತು ವರ್ಷವಾಯಿತೆಂದು ಈ ಸಲದ ಕೂಟವನ್ನು ಜೋರಾಗಿ ನಡೆಸಬೇಕೆಂದು ನೆಲಸಿಗರ ಸಂಘದವರು ತೀರ್ಮಾನಿಸಿದರು. ಸಾಣೆಕಲ್ಲನ್ನು ಎತ್ತಿ ಕೊಂಡೊಯ್ದು ನ್ಯಾಯಾಲಯದ ಮುಂದೆ ಕಟ್ಟೆ ಕಟ್ಟಿ ಕೂರಿಸುವುದು, ಅದರ ಮೇಲೆ 'ಅಬಯಾಥರ್ ಪೆಲ್ಟನ್. ಹಿಂದಕ್ಕೆ ತಿರುಗದ ಮನುಷ್ಯ' ಎಂದು ಕೆತ್ತಿಸುವುದು ಎಂದಾಯಿತು. ಈ ಮಾತು ಹೊಳೆದದ್ದು ದೊಡ್ಡಪ್ಪನಿಗೆ. ಹೊಳೆದ ದಿನ ಅವರಿಗೆ ಊಟವೂ ಬೇಡವಾಗಿತ್ತು. ಅದೇ ದಿನ ಮನೆತನದ ಚರಿತ್ರೆಯನ್ನು ಬರೆದುಕೊಡುವ ಕೆಲಸವನ್ನು ನನಗೆ ವಹಿಸಿದರು. ನಾನು ಶಾಲೆ ಬಿಟ್ಟು ಮನೆಯಲ್ಲಿದ್ದೇನೆ, ಅಕ್ಷರ ದುಂಡಗಿದೆ, ಎದುರು ಮಾತನಾಡುವುದಿಲ್ಲ. ಚರಿತ್ರೆ ಬರೆಯಲು ಇದಕ್ಕಿಂತ ಹೆಚ್ಚಿನ ಯೋಗ್ಯತೆ ಬೇಕಿಲ್ಲ ಎಂಬುದು ಅವರ ಅಭಿಪ್ರಾಯ.

ಅಜ್ಜಿ ಟ್ರೈಫೀನಾ ಪೆಲ್ಟನ್ ಮಾತ್ರ ಕಲ್ಲು ಇದ್ದಲ್ಲೇ ಇರಲಿ ಎಂದಳು. ವಯಸ್ಸಾದವರು ಹಾಗೆ ಏನಾದರೂ ಹೇಳುತ್ತಿರುತ್ತಾರೆ ಎಂದುಕೊಂಡು ಯಾರೂ ಕಾರಣ ಕೇಳಲಿಲ್ಲ. ಕಲ್ಲು ಹೋದ ಜಾಗಕ್ಕೆ ಕೋಳಿಗೂಡನ್ನು ತರಬಹುದೆಂದು ದೊಡ್ಡಮ್ಮ ಕಾರ್ಡೀಲಿಯಾ ಆಗಲೇ ಹಗ್ಗ ಹಿಡಿದು ಅಳೆದೂ ನೋಡಿದರು.

ಕಾರಣವನ್ನು ಅಜ್ಜಿ ನನಗೆ ಹೇಳಿದಳು. ಬರೆಯುವುದಾದರೆ ನಿಜ ಗೊತ್ತಿಟ್ಟುಕೊಂಡು ಬರೆ, ಆಮೇಲೆ ಸುಳ್ಳು ಬರೆದರೂ ಪರವಾಗಿಲ್ಲ ಎಂದಳು. ಆ ಕಲ್ಲಿನ ಕೆಳಗೆ ಅವಳ ಮೊದಲ ಮಗಳು ಓರ್ಫಾ ಇದ್ದಾಳೆ. ಅದು ಗೊತ್ತಿದ್ದವರು ಇಬ್ಬರೇ. ಅವರಲ್ಲಿ ಅಜ್ಜ ತೀರಿಕೊಂಡು ಬಹಳ ವರ್ಷಗಳಾದವು. ಕಲ್ಲು ಎದ್ದರೆ ಆ ಜಾಗ ಯಾವುದೆಂದು ಇನ್ನು ಯಾರಿಗೂ ತಿಳಿಯದು. ತಿಳಿಸೋಣವೆಂದರೆ, ಯಾರಿಗೂ ಹೇಳುವುದಿಲ್ಲವೆಂದು ಅಜ್ಜಿ ಅಜ್ಜನಿಗೆ ಮಾತು ಕೊಟ್ಟಿದ್ದಳು. ಆ ಮಾತನ್ನು ಉಳಿಸಿಕೊಂಡದ್ದರಿಂದಲೇ ಅಜ್ಜ ಊರಿಗೆ ದೊಡ್ಡ ಮನುಷ್ಯನಾದದ್ದು.

ಹಾಗಾಗಿ ನಾನು ಮೊದಲಿನಿಂದ ಬರೆಯುತ್ತೇನೆ.

ಅಜ್ಜಿಯ ತವರು ಸ್ಟಾಡರ್ಡ್ ಮನೆತನ. ಅವಳ ತಂದೆ ಜೋಥಮ್ ಸ್ಟಾಡರ್ಡ್ ಚರ್ಚಿನಲ್ಲಿ ಹಿರಿಯ ಸ್ಥಾನದವರು, ಬಹಳ ಶಾಂತ ಸ್ವಭಾವದವರು ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ವರ್ಮಾಂಟಿನಲ್ಲಿ ಪಕ್ಕದ ಮನೆಯವನ ಬೇಲಿ ಒಂದು ಗೇಣು ಒಳಗೆ ಬಂತೆಂದು ಜಗಳವಾಡಿ ನ್ಯೂಯಾರ್ಕ್ ಸೀಮೆಗೆ ಹೋದರು. ಅಲ್ಲಿ ಚರ್ಚಿನಲ್ಲಿ ಪಿಟೀಲು ಬಾರಿಸಬಹುದೋ ಬಾರದೋ ಎಂಬ ವಿಷಯದಲ್ಲಿ ಮನಸ್ತಾಪವಾಗಿ ಒಹಾಯೊಗೆ ಬಂದರು. ಪ್ರತಿ ಸಲವೂ ದೇವರು ಕರೆದನೆಂದು ಹೊರಡುತ್ತಿದ್ದರು. ದೇವರು ಯಾವಾಗಲೂ ಜಗಳವಾದ ಮಾರನೆಯ ವಾರವೇ ಕರೆಯುತ್ತಿದ್ದ.

ಗಂಡಸರಿಗೆ ಕರೆ ಬರುವುದು, ಹೆಂಗಸರು ಪೆಟ್ಟಿಗೆ ಕಟ್ಟುವುದು, ಇದು ಆ ಮನೆತನದ ಪದ್ಧತಿ. ಅಜ್ಜಿಯ ತಾಯಿ ಹಲ್ಡಾ ಹೀಗೆ ಪೆಟ್ಟಿಗೆ ಕಟ್ಟುತ್ತಾ ವರ್ಮಾಂಟಿನಲ್ಲಿ ಒಂದು ಕೂಸನ್ನೂ ನ್ಯೂಯಾರ್ಕ್ ಸೀಮೆಯಲ್ಲಿ ಇನ್ನಿಬ್ಬರನ್ನೂ ಮಣ್ಣಿಗೆ ಕೊಟ್ಟು ಬಂದಿದ್ದಳು. ಕೊನೆಗಾಲದಲ್ಲಿ ಅವಳಿಗೆ ನೆನಪು ಕೈಕೊಟ್ಟಿತು. ಹಾಸಿಗೆಯಲ್ಲಿ ಮಲಗಿಕೊಂಡು ಆ ಮಕ್ಕಳನ್ನು ಎಲ್ಲಿಟ್ಟೆವು ಎಂದು ಗಂಡನನ್ನು ಕೇಳುತ್ತಿದ್ದಳು. ಒಂದು ಎಲ್ಮ್ ಮರದ ಹತ್ತಿರ ಎಂದು ಜೋಥಮ್ ಸ್ಟಾಡರ್ಡ್ ಹೇಳುತ್ತಿದ್ದರು. ಮೂವರಿಗೂ ಅದೇ ಮರ. ವರ್ಮಾಂಟಿನಿಂದ ನ್ಯೂಯಾರ್ಕಿನವರೆಗೆ ನೆರಳು ಬೀಳುವಂಥ ಮರವಿರಬೇಕು. ಆಗ ಅಜ್ಜಿಗೆ ಹದಿನೇಳು ವರ್ಷ. ತಾಯಿಯ ತಲೆಯ ಬಳಿ ಕುಳಿತು ಇದನ್ನೆಲ್ಲ ಕೇಳಿಸಿಕೊಂಡಳು.

ಅವಳು ಮದುವೆಯಾದ ಅಬಯಾಥರ್ ಪೆಲ್ಟನ್‌ಗೆ ಒಳ್ಳೆಯ ಹೊಲವಿತ್ತು, ಹಸುವಿತ್ತು, ಮೈಯಲ್ಲಿ ಶಕ್ತಿಯಿತ್ತು. ಇಲ್ಲದಿದ್ದದ್ದು ದಿಕ್ಕಿನ ಜ್ಞಾನವೊಂದೇ. ಸಂತೆಗೆ ಹೋದವನನ್ನು ಕುದುರೆಯೇ ಮನೆಗೆ ಕರೆತರುತ್ತಿತ್ತು. ಇಂಥವನಿಗೆ ಪಶ್ಚಿಮದ ಕೊನೆಯಲ್ಲಿರುವ ಆರೆಗನ್‌ಗೆ ಹೋಗಬೇಕೆಂಬ ಕರೆ ಬಂತು. ಓರ್ಫಾ ಆಗ ನಡೆಯಲು ಕಲಿಯುತ್ತಿದ್ದಳು. ಮದುವೆಗೆಂದು ತನ್ನ ಅಪ್ಪ ಕೊಟ್ಟಿದ್ದ, ಅಂಚಿನಲ್ಲಿ 'ಎ. ಪಿ.' ಎಂದು ಕೊರೆದಿದ್ದ ಸಾಣೆಕಲ್ಲನ್ನು ಅಜ್ಜ ಎಲ್ಲಕ್ಕಿಂತ ಮೊದಲು ಬಂಡಿಗೆ ಹಾಕಿದ. ಆರೆಗನ್‌ನಲ್ಲಿ ಕಲ್ಲು ಸಿಗುವುದಿಲ್ಲವೆಂದು ಅವನಿಗೆ ಯಾರೋ ಹೇಳಿದ್ದರು. ತೊಟ್ಟಿಲಿಗೆ ಜಾಗ ಸಾಲಲಿಲ್ಲ.

ಮಿಸೂರಿ ನದಿ ದಾಟಿದ ಮೇಲೆ ಬಂಡಿಗಳವರೆಲ್ಲ ಸೇರಿ ಒಬ್ಬ ನಾಯಕನನ್ನು ಆರಿಸುವುದು ಆ ದಾರಿಯ ರೂಢಿ. ಅಜ್ಜನೂ ನಿಂತ. ಅವನಿಗೆ ಒಂದು ಮತ ಬಿತ್ತು. ಅದು ಯಾರದೆಂದು ಎಲ್ಲರಿಗೂ ತಿಳಿದಿದ್ದರಿಂದ ಮಾತು ಬೆಳೆಯಿತು. ದೊಡ್ಡ ನದಿಯ ದಂಡೆ ಹಿಡಿದು ಎಲ್ಲರೂ ಹೋಗುವ ದಾರಿಯಲ್ಲಿ ಹುಲ್ಲೇ ಉಳಿದಿಲ್ಲ, ನಾನು ಮೇಲಿನ ಬಯಲಿನ ಅಡ್ಡದಾರಿಯಲ್ಲಿ ಹೋಗಿ ನಿಮಗಿಂತ ಮುಂಚೆ ಸೇರುತ್ತೇನೆ ಎಂದು ಅಜ್ಜ ಒಂಟಿಯಾಗಿ ಬಂಡಿ ತಿರುಗಿಸಿದ. ಅವರಲ್ಲಿ ಯಾರೂ ತಡೆಯಲಿಲ್ಲವಂತೆ. ಒಬ್ಬಾಕೆ ಮಾತ್ರ ಓಡಿಬಂದು ಅಜ್ಜಿಯ ಕೈಗೆ ಕ್ವಿನೈನ್ ಪುಡಿಯ ಸೀಸೆ ಕೊಟ್ಟು ಹೋದಳು.

ನದಿಯ ದಂಡೆಯಲ್ಲಿ ಹೋಗುವವರಿಗೆ ದಿಕ್ಕಿನ ಚಿಂತೆಯಿಲ್ಲ. ಬಯಲಿನಲ್ಲಿ ಹಾಗಲ್ಲ. ಅಲ್ಲಿ ನಾಲ್ಕೂ ಕಡೆಗೆ ಒಂದೇ ಹುಲ್ಲು. ಆದ್ದರಿಂದ ರಾತ್ರಿ ಧ್ರುವ ನಕ್ಷತ್ರ ಕಂಡಾಗ ಅದನ್ನು ನೋಡಿ ಬಂಡಿಯ ಮೂಕಿಯನ್ನು, ಅಂದರೆ ನೊಗ ಕಟ್ಟುವ ಉದ್ದನೆಯ ಮರವನ್ನು, ಮಾರನೆಯ ದಿನ ಹೋಗಬೇಕಾದ ಕಡೆಗೆ ತಿರುಗಿಸಿಟ್ಟು ಮಲಗುತ್ತಾರೆ. ಬೆಳಿಗ್ಗೆ ಮೋಡವಿರಲಿ, ಮಂಜಿರಲಿ, ಮೂಕಿ ತೋರಿಸಿದತ್ತ ಎತ್ತು ಹೊಡೆದರಾಯಿತು. ಅಜ್ಜ ಈ ರೂಢಿಯನ್ನು ಬಹಳ ಶ್ರದ್ಧೆಯಿಂದ ಹಿಡಿದ. ಸೂರ್ಯ ಎದುರಿಗಿದ್ದರೂ ಮೂಕಿಯನ್ನು ನೋಡಿಯೇ ಹೊರಡುತ್ತಿದ್ದ. ಸೂರ್ಯನನ್ನು ಇಟ್ಟವರು ಯಾರೋ, ಮೂಕಿಯನ್ನು ಇಟ್ಟವನು ತಾನು.

ಓರ್ಫಾ ಬಯಲಿನಲ್ಲಿ ಕೆಟ್ಟ ನೀರು ಕುಡಿದು ಹೊಟ್ಟೆನೋವಿನಲ್ಲಿ ಹೋದಳು. ಇದರ ಬಗ್ಗೆ ಅಜ್ಜಿ ಹೆಚ್ಚು ಹೇಳಲಿಲ್ಲ. ಅವಳು ಹೇಳದ್ದನ್ನು ನಾನು ಬರೆಯುವುದಿಲ್ಲ.

ದಾರಿಯಲ್ಲಿ ಸತ್ತವರನ್ನು ದಾರಿಯಲ್ಲೇ, ಬಂಡಿ ಹಾಯುವ ಜಾಡಿನಲ್ಲೇ ಹೂಳಿ, ಅದರ ಮೇಲೆ ಎತ್ತು ಬಂಡಿಗಳನ್ನು ಹಾಯಿಸುವುದೂ ಒಂದು ರೂಢಿ. ಮಣ್ಣು ಗಟ್ಟಿಯಾಗುತ್ತದೆ, ಗುರುತು ಉಳಿಯುವುದಿಲ್ಲ, ತೋಳಗಳು ಅಗೆಯುವುದಿಲ್ಲ. ಅಜ್ಜ ಹಾಗೆಯೇ ಮಾಡಿದ. ಬಂಡಿ ಹಾಯಿಸಿದ ಮೇಲೆ ನೋಡಿದರೆ ಹುಲ್ಲು ಮಲಗಿದ್ದು ಬಿಟ್ಟರೆ ಅಲ್ಲೇನೂ ಇಲ್ಲ. ಎಲ್ಮ್ ಮರ ಮೊದಲೇ ಇಲ್ಲ. ಆ ಬಯಲಿನಲ್ಲಿ ಯಾವ ಮರವೂ ಇಲ್ಲ.

ಅಜ್ಜಿ ಆಗ ಸಾಣೆಕಲ್ಲನ್ನು ಇಲ್ಲೇ ಇಳಿಸಿ ಎಂದಳು. ಎತ್ತುಗಳು ಸೋತಿವೆ, ಇನ್ನೂ ಎಷ್ಟು ದೂರವಿದೆಯೋ ಎಂದಳು. ಮನೆ ಬಿಟ್ಟ ದಿನದಿಂದ ಅವಳು ಇದೇ ಮಾತು ಹೇಳಿ ಅಜ್ಜನಿಂದ ಬೈಸಿಕೊಳ್ಳುತ್ತಿದ್ದವಳು. ಅಂದು ಅಜ್ಜ ಬೈಯಲಿಲ್ಲ. ಬಂಡಿಯ ಹಿಂಬದಿಯಿಂದ ಕಲ್ಲನ್ನು ಕೆಡವಿ, ಎತ್ತು ಹೊಡೆದುಕೊಂಡು ಮುಂದೆ ಹೋದ. ಅಜ್ಜಿ ಹಿಂದೆ ಉಳಿದು, ಕಲ್ಲನ್ನು ಎತ್ತಿ ನಿಲ್ಲಿಸಿ ಚಕ್ರದಂತೆ ಉರುಳಿಸಿಕೊಂಡು ಬಂದು ಮಗಳ ಮೇಲೆ ಮಲಗಿಸಿದಳು. ಅಜ್ಜ ಹಿಂದಕ್ಕೆ ತಿರುಗಿ ನೋಡಲಿಲ್ಲ. ನ್ಯಾಯಾಲಯದ ಮುಂದೆ ಕೆತ್ತಿಸಬೇಕೆಂದಿದ್ದ ಮಾತು ಆ ಮಟ್ಟಿಗೆ ನಿಜ.

ಅಲ್ಲಿಂದ ಎರಡು ದಿನ ನಡೆದರು. ಎರಡನೆಯ ರಾತ್ರಿ ಅಜ್ಜನಿಗೆ ಚಳಿಜ್ವರ ಬಂತು. ಜ್ವರದಲ್ಲೂ ಎದ್ದು ನಕ್ಷತ್ರ ನೋಡಿ ಮೂಕಿಯನ್ನು ಪಶ್ಚಿಮಕ್ಕೆ ಇಟ್ಟು, ಕ್ವಿನೈನ್ ಕುಡಿದು ಗುಡಾರದೊಳಗೆ ಮಲಗಿದ. ಬೆಳಗಿನ ಜಾವ ಅಜ್ಜಿ ಎತ್ತುಗಳಿಗೆ ನೀರು ಕುಡಿಸಲು ಎದ್ದಳು. ಆಕಾಶದ ತುಂಬ ಮೋಡ ಕವಿದು, ಕೆಳಗೆ ಮಂಜು ಮುಸುಕಿತ್ತು. ನೀರು ಕುಡಿಸಿದಳು, ನೊಗ ಕಟ್ಟಿದಳು, ಬಂಡಿಯನ್ನು ಅರ್ಧ ಸುತ್ತು ತಂದು ಪೂರ್ವಕ್ಕೆ ಮೂಕಿ ಮಾಡಿ ನಿಲ್ಲಿಸಿದಳು. ಮತ್ತೆ ನೊಗ ಬಿಚ್ಚಿ ಒಲೆ ಹೊತ್ತಿಸಿದಳು. ಇದಕ್ಕೆ ಧೈರ್ಯ ಹೇಗೆ ಬಂತು ಎಂದು ಕೇಳಿದೆ.

"ಧೈರ್ಯ ಏನು ಬಂತು. ನಿನ್ನಜ್ಜನ್ನ ಕೇಳಿದ್ರೆ ಬೇಡ ಅಂತಿದ್ರು. ಅದಕ್ಕೇ ಮೂಕಿ ಹತ್ರ ಹೇಳಿಸ್ದೆ. ಅದರ ಮಾತಾದ್ರೆ ಅವರು ಕೇಳ್ತಿದ್ರು."

ಅಜ್ಜ ಎದ್ದು ಜೋಳದ ಹಿಟ್ಟಿನ ರೊಟ್ಟಿ ತಿಂದು, ಮೂಕಿಯನ್ನು ನೋಡಿ, ಆರೆಗನ್ ಎಂದು ಹೊರಟ. ಎತ್ತುಗಳು ಎಂದೂ ಇಲ್ಲದ ಹುರುಪಿನಿಂದ ಹೆಜ್ಜೆ ಹಾಕಿದವು. ತಾನು ಕಂಡುಹಿಡಿದ ಅಡ್ಡದಾರಿಯ ಹುಲ್ಲಿನ ಮಹಿಮೆ ಎಂದ ಅಜ್ಜ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಜಾಡೊಂದು ಸಿಕ್ಕಿತು. ಒಂದು ಬಂಡಿ, ಎರಡು ಜೊತೆ ಎತ್ತು. ಗೊರಸಿನ ಗುರುತುಗಳೆಲ್ಲ ತಮ್ಮ ಎದುರಿನಿಂದ ಬಂದು ಹಿಂದಕ್ಕೆ ಹೋಗಿದ್ದವು. ಅಜ್ಜ ಇಳಿದು ಪರೀಕ್ಷೆ ಮಾಡಿದ.

"ನೋಡು ಟ್ರೈಫೀನಾ, ಯಾವನೋ ಹೇಡಿ ಆರೆಗನ್ ಆಸೆ ಬಿಟ್ಟು ವಾಪಸ್ ಓಡಿದಾನೆ."

ಅಜ್ಜಿ ಮದುವೆಯಾದಂದಿನಿಂದ ಗಂಡನನ್ನು ಮಿಸ್ಟರ್ ಪೆಲ್ಟನ್ ಎಂದೇ ಕರೆಯುತ್ತಿದ್ದಳು. ಕೋಪ ಮಿತಿ ಮೀರಿದಾಗ ಮಾತ್ರ ಹೆಸರು ಬರುತ್ತಿತ್ತು.

"ಹೌದಾ, ಮಿಸ್ಟರ್ ಪೆಲ್ಟನ್. ಒಂಟಿ ಬಂಡಿ ಅನ್ಸತ್ತೆ."

"ಒಂಟೀನೇ. ಇಂಥೋರನ್ನ ಯಾರು ಜೊತೆಗೆ ಸೇರಿಸ್ಕೋತಾರೆ? ಬಂಡಿ ಹೊಡೆಯೋಕೂ ಬರಲ್ಲ ಅವನಿಗೆ. ಚಕ್ರ ನೋಡು, ಹೆಂಗೆ ಸೊಟ್ಟಸೊಟ್ಟಗೆ ಹೋಗಿದೆ."

"ಪಾಪ, ಅವನ ಹೆಂಡ್ತಿ ಕಥೆ ಏನೋ."

"ಹೆಂಡ್ತಿನೇ ಕಾರಣ ಇರ್ಬೇಕು" ಎಂದು ಅಜ್ಜ ಬಂಡಿ ಹತ್ತಿದ.

ಆ ಇಡೀ ದಿನ ಅಜ್ಜ ಹಿಂದಕ್ಕೆ ತಿರುಗುವ ಗಂಡಸರ ಬಗ್ಗೆ ಮಾತನಾಡಿದ. ದೊಡ್ಡಪ್ಪ ಕೂಟದಲ್ಲಿ ಮಾಡುವ ಭಾಷಣದ ಮುಕ್ಕಾಲು ಪಾಲು ಅಂದು ಹುಟ್ಟಿದ್ದು. ದಾರಿಯಲ್ಲಿ ಒಂದು ಕಡೆ ಆರಿದ ಬೂದಿ ಸಿಕ್ಕಿತು. ಕಾಡೆಮ್ಮೆಯ ಬೆರಣಿ ಸುಟ್ಟ ಬೂದಿ. ಈ ಹೇಡಿಗೆ ಒಲೆ ಹೂಡುವುದಕ್ಕೂ ತಿಳಿಯದು, ಗಾಳಿಗೆ ಎದುರಾಗಿ ಹೂಡಿದ್ದಾನೆ ಎಂದ ಅಜ್ಜ. ಆ ರಾತ್ರಿ ನಕ್ಷತ್ರ ಕಾಣಲಿಲ್ಲ. ಬಂಡಿ ನಿಂತಂತೆಯೇ ಮೂಕಿಯನ್ನು ಬಿಟ್ಟು ಮಲಗಿದರು. ಮಾರನೆಯ ದಿನವೂ ಮೋಡ, ಜ್ವರ, ಭಾಷಣ.

ಮಧ್ಯಾಹ್ನ ಇಳಿದ ಮೇಲೆ ಜಾಡಿನ ನಡುವೆ ಒಂದು ಸಾಣೆಕಲ್ಲು ಮಲಗಿದ್ದು ಕಾಣಿಸಿತು. ಅಜ್ಜನ ಸಂತೋಷ ಹೇಳತೀರದು. ತನ್ನದನ್ನು ಕಳೆದುಕೊಂಡ ನೋವು ಇನ್ನೂ ಆರಿರಲಿಲ್ಲ. ದೇವರು ಅದಕ್ಕಿಂತ ಒಳ್ಳೆಯದನ್ನು ಕೊಟ್ಟ ಎಂದು ಇಳಿದು ಓಡಿದ. ಜ್ವರವೂ ಬಿಟ್ಟಂತಾಯಿತು.

"ಇಷ್ಟು ಒಳ್ಳೇ ಕಲ್ಲು ಬಿಸಾಕಿದಾನಲ್ಲ. ಅವನ ತಲೇಲಿ ಏನಿದೆ ಅಂತೀನಿ?"

ಅಜ್ಜಿ ಬಂಡಿಯಿಂದ ಇಳಿದಳು. "ಅದನ್ನ ನಾನೂ ತುಂಬಾ ಸಲ ಯೋಚನೆ ಮಾಡಿದೀನಿ" ಎಂದಳು.

ಅಜ್ಜ ಅಂಗಿಯ ತೋಳಿನಿಂದ ಕಲ್ಲಿನ ಮೇಲಿನ ಮಣ್ಣು ಒರೆಸಿದ. ಅಂಚಿನಲ್ಲಿದ್ದುದು ಎರಡೇ ಅಕ್ಷರ. ಅವನ್ನು ಓದಲು ಅವನಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ಜಾಡನ್ನು ನೋಡಿದ. ಬಂಡಿಯನ್ನು ನೋಡಿದ. ಮೂಕಿಯನ್ನು ನೋಡಿದ. ಅಜ್ಜಿ ಅಷ್ಟರಲ್ಲಿ ಬಂದು ಕಲ್ಲಿನ ಮೇಲೆ ಕುಳಿತಿದ್ದಳು.

"ಯಾವಾಗ ತಿರುಗಿಸ್ದೆ?" ಎಂದು ಅಜ್ಜ ಕೇಳಿದ.

"ನಿನ್ನೆ ಬೆಳಿಗ್ಗೆ. ನೀವು ಮಲಗಿದ್ರಿ."

ಅಜ್ಜ ಕೂಗಾಡಿದ. ಎಷ್ಟು ಕೂಗಾಡಿದರೂ ಬಯಲಿನಲ್ಲಿ ಅದು ಸಣ್ಣದಾಗಿಯೇ ಕೇಳಿಸುತ್ತಿತ್ತು ಎಂದು ಅಜ್ಜಿ ಹೇಳಿದಳು. ಕೊನೆಗೆ ಬಂಡಿಯನ್ನು ಮತ್ತೆ ಪಶ್ಚಿಮಕ್ಕೆ ತಿರುಗಿಸುತ್ತೇನೆ ಎಂದ.

"ತಿರುಗಿಸ್ಕೋ, ಅಬಯಾಥರ್. ಆರೆಗನ್‌ಗೆ ಹೋಗು, ಒಹಾಯೊಗೆ ಹೋಗು, ನಿನಗೆ ಎಲ್ಲಿಗೆ ಕರೆ ಬಂದಿದ್ಯೋ ಅಲ್ಲಿಗೆ ಹೋಗು. ನಮ್ಮಮ್ಮ ಸಾಯೋವರೆಗೂ ಕೇಳ್ತಾನೇ ಇದ್ಲು, ಮಕ್ಕಳು ಎಲ್ಲಿದಾವೆ ಅಂತ. ನಾನು ಕೇಳಲ್ಲ. ನನ್ನ ಮಗಳು ಎಲ್ಲಿದಾಳೆ ಅಂತ ನನಗೆ ಗೊತ್ತು. ನಾನು ಇಲ್ಲಿಂದ ಏಳಲ್ಲ."

ಅವಳ ಬಾಯಲ್ಲಿ ತನ್ನ ಹೆಸರು ಕೇಳಿ ಅಜ್ಜ ಕೂಗಾಟ ಬಿಟ್ಟ. ಬಂಡಿಯ ಪಕ್ಕದಲ್ಲಿ ಕುಳಿತು ಸಂಜೆಯವರೆಗೆ ಯೋಚಿಸಿದ. ಮುಂದೆ ಹೋಗಿ ಉಳಿದ ಬಂಡಿಗಳವರನ್ನು ಸೇರಿದರೆ ನಾಯಕನ ಚುನಾವಣೆಯಲ್ಲಿ ಗೆದ್ದವನು ನಗುತ್ತಾನೆ. ಒಹಾಯೊಗೆ ಮರಳಿದರೆ ಮಾವ ಜೋಥಮ್ ಸ್ಟಾಡರ್ಡ್ ನಗುತ್ತಾರೆ. ನೆಬ್ರಾಸ್ಕಾದ ಆ ಬಯಲಿನಲ್ಲಿ ನಗುವವರು ಯಾರೂ ಇರಲಿಲ್ಲ. ಹೀಗೆ ಎಲ್ಲವನ್ನೂ ತೂಗಿ ನೋಡಿ, ನಮ್ಮ ಊರನ್ನು ಸ್ಥಾಪಿಸಿದ.

ನೆಲ ಖಾಲಿಯಾಗಿತ್ತು ಎಂದು ದೊಡ್ಡಪ್ಪನ ಭಾಷಣದಲ್ಲಿ ಬರುತ್ತದೆ. ಆ ನೆಲದ ಮೂಲನಿವಾಸಿಗಳಾದ ಪೋನಿ ಜನರು ಅಲ್ಲಿ ಎಷ್ಟೋ ತಲೆಮಾರಿನಿಂದ ಬೇಟೆಗೆ ಬರುತ್ತಿದ್ದರು. ಮೊದಲ ಚಳಿಗಾಲದಲ್ಲಿ ಅವರ ಮುದುಕಿಯೊಬ್ಬಳು ಒಣಗಿಸಿದ ಮಾಂಸ ಕೊಡದಿದ್ದರೆ ದೊಡ್ಡಪ್ಪ ಹುಟ್ಟುತ್ತಿರಲಿಲ್ಲ, ಭಾಷಣವೂ ಇರುತ್ತಿರಲಿಲ್ಲ ಎಂದು ಅಜ್ಜಿ ಹೇಳುತ್ತಾಳೆ. ಆದರೆ ಪೋನಿ ಜನರು ಹಳೇ ನೆಲಸಿಗರ ಸಂಘಕ್ಕೆ ಸೇರಿರಲಿಲ್ಲ. ಸಂಘ ಹುಟ್ಟುವ ಹೊತ್ತಿಗೆ ಅವರನ್ನು ಅಲ್ಲಿಂದ ದೂರ ಸಾಗಿಸಿಯಾಗಿತ್ತು.

ಆ ಸಂಜೆ ಅಜ್ಜ ಒಂದೇ ಷರತ್ತು ಹಾಕಿದ. "ಯಾರಿಗೂ ಹೇಳ್ಕೂಡದು."

"ಯಾವುದನ್ನ?"

"ಯಾವುದನ್ನೂ."

ಅಜ್ಜಿ ಒಪ್ಪಿದಳು. ಬಂಡಿ ತಿರುಗಿದ್ದನ್ನು ಬಚ್ಚಿಡಬೇಕಾದರೆ ತಿರುಗಿದ್ದು ಏಕೆಂಬುದನ್ನೂ ಬಚ್ಚಿಡಬೇಕು. ಹಾಗೆ ಓರ್ಫಾಳ ಹೆಸರು ಮನೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಹುಲ್ಲುಹೆಂಟೆಯ ಗೋಡೆಯ ಮನೆ ಎದ್ದಾಗಲೂ, ಆಮೇಲೆ ಮರದ ಮನೆ ಎದ್ದಾಗಲೂ ಅಡುಗೆಮನೆಯ ಕಿಟಕಿ ಇದೇ ಕಡೆಗಿರಬೇಕೆಂದು ಅಜ್ಜಿ ಹಟ ಹಿಡಿದಳು. ಚಳಿಗಾಳಿ ನೇರ ಒಳಗೆ ನುಗ್ಗುವ ಆ ಕಿಟಕಿಯನ್ನು ನೋಡಿ ಬಡಗಿ ತಲೆ ಚಚ್ಚಿಕೊಂಡ. ಸಾಣೆಕಲ್ಲನ್ನು ಯಾರೂ ಮುಟ್ಟಬಾರದೆಂದು ಅಜ್ಜ ಮಕ್ಕಳಿಗೆ ಹೇಳಿದ, ತಾನು ಕತ್ತಿ ಕೊಡಲಿ ಮಸೆಯಲು ಬೇರೆ ಕಲ್ಲು ಕೊಂಡ. ಏಕೆ ಎಂದು ಮಕ್ಕಳು ಕೇಳಿದಾಗ ಏನಾದರೂ ಹೇಳಬೇಕಲ್ಲ. ಒಂದು ಚಳಿಗಾಲದಲ್ಲಿ ಒಂದು ಹೇಳಿದ, ಮುಂದಿನದರಲ್ಲಿ ಇನ್ನೊಂದು ಸೇರಿಸಿದ. ಕೆಲವು ವರ್ಷಗಳಲ್ಲಿ ಅದನ್ನು ತಾನೂ ನಂಬಿದ. ಅಜ್ಜಿ ಒಲೆಯ ಪಕ್ಕ ಕುಳಿತು ಕಾಲುಚೀಲ ಹೆಣೆಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕಥೆ ಮುಗಿದ ಮೇಲೆ ಅಜ್ಜ ಅವಳ ಕಡೆ ಒಮ್ಮೆ ನೋಡುತ್ತಿದ್ದ. ಅವಳು ತಲೆ ಎತ್ತುತ್ತಿರಲಿಲ್ಲ.

ಕೂಟಕ್ಕೆ ಎರಡು ದಿನ ಇರುವಾಗ ಕಲ್ಲು ಎತ್ತಲು ಜನ ಬಂದರು. ಸಂಘದ ಅಧ್ಯಕ್ಷ ಎಜ್ರಾ ಫಿಚ್, ಕಲ್ಲುಕುಟಿಗ ಬೆಂಕೆ, ಹಾರೆ ಹಿಡಿದ ಇಬ್ಬರು ಕೂಲಿಯವರು. ಫಿಚ್ ಅಜ್ಜ, ನಮ್ಮವರು ಬಂದ ಮಾರನೆಯ ವರ್ಷ ಬಂದವರು. ಮೂವತ್ತೊಂಬತ್ತು ವರ್ಷಗಳಿಂದ ಊರಿನ ಎರಡನೆಯ ಕುಟುಂಬದವರಾಗಿ ಬಾಳಿ ಅವರ ಮುಖ ಸ್ವಲ್ಪ ಉದ್ದವಾಗಿದೆ. ಬೆಂಕೆ ಜರ್ಮನಿಯಿಂದ ಬಂದ ಮನುಷ್ಯ, ಅಳತೆಗಲ್ಲದೆ ಬೇರೆ ಯಾವುದಕ್ಕೂ ಬಾಯಿ ಬಿಡುವವನಲ್ಲ.

ಅಜ್ಜಿ ಬೆಳಿಗ್ಗೆಯೇ ಹೋಗಿ ಕಲ್ಲಿನ ಮೇಲೆ ಕುಳಿತಿದ್ದಳು. ಮಡಿಲಲ್ಲಿ ಬೋಗುಣಿ ಇಟ್ಟುಕೊಂಡು ಬೀನ್ಸ್ ಕಾಳು ಬಿಡಿಸುತ್ತಿದ್ದಳು. ದೊಡ್ಡಪ್ಪ ಮೊದಲು ನಯವಾಗಿ ಎಬ್ಬಿಸಲು ನೋಡಿದರು. ನಿಮಗೆ ವೇದಿಕೆಯ ಮೇಲೆ ತೂಗುಕುರ್ಚಿ ಹಾಕಿಸಿದ್ದೇವೆ, ಹೂವಿನ ಹಾರ ಇದೆ ಎಂದರು. ದೊಡ್ಡಮ್ಮ ಬಾಗಿಲಲ್ಲಿ ನಿಂತು, ಅತ್ತೆಗೆ ಬಿಸಿಲು ತಲೆಗೇರಿರಬೇಕು ಎಂದರು.

"ಅಮ್ಮ, ಜನ ಕಾಯ್ತಿದಾರೆ. ಅಪ್ಪನ ಹೆಸರು ಉಳಿಯೋ ಕೆಲಸ ಇದು."

"ಅವರ ಹೆಸರು ಉಳಿಯತ್ತೆ ಬಿಡು, ನಲವತ್ತು ವರ್ಷ ನಾನೇ ಉಳಿಸಿದೀನಿ. ಈ ಕಲ್ಲಿನ ಕೆಳಗೆ ನಿಮ್ಮಕ್ಕ ಇದಾಳೆ, ಲಿಯಾಂಡರ್."

ಹಾರೆ ಹಿಡಿದವರು ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಕಾಳು ಬಿಡಿಸುವುದನ್ನು ನಿಲ್ಲಿಸದೆ ಎಲ್ಲವನ್ನೂ ಹೇಳಿದಳು. ಮಿಸೂರಿ ದಡದ ಒಂದು ಮತ, ಕ್ವಿನೈನ್, ಮೂಕಿ, ಸೊಟ್ಟ ಜಾಡು, ಎ. ಪಿ. ಎಲ್ಲವೂ ಬಂತು. ನನಗೆ ಹೇಳುವಾಗ ಬಿಟ್ಟಿದ್ದ ಒಂದನ್ನು ಸೇರಿಸಿದಳು. ಓರ್ಫಾಗೆ ಎತ್ತುಗಳ ಹೆಸರು ಮಾತ್ರ ಹೇಳಲು ಬರುತ್ತಿತ್ತಂತೆ, ಅಪ್ಪ ಅಮ್ಮ ಎನ್ನಲು ಬರುತ್ತಿರಲಿಲ್ಲವಂತೆ.

ದೊಡ್ಡಪ್ಪನ ಬಾಯಿಂದ ಮೊದಲು ಬಂದ ಮಾತು, "ಭಾಷಣ ಅಚ್ಚಿಗೆ ಹೋಗಿದೆಯಲ್ಲಮ್ಮ."

ದೊಡ್ಡಪ್ಪ ಈ ಜಿಲ್ಲೆಯ ಮೊದಲ ಬಿಳಿಯ ಕೂಸು ಎಂದು, ಪೆಲ್ಟನ್ ಮನೆಯ ಹಿರಿಯ ಸಂತಾನ ಎಂದು ಮೂವತ್ತೊಂಬತ್ತು ವರ್ಷ ಎದೆ ಮುಂದೆ ಮಾಡಿ ಬದುಕಿದವರು. ಅವರು ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತಾ ನಿಂತರು. ನಂತರ ಸಣ್ಣ ದನಿಯಲ್ಲಿ, "ನಂಗೊಬ್ಬಳು ಅಕ್ಕ ಇದ್ಲಾ?" ಎಂದು ಕೇಳಿದರು.

"ಇದ್ಲು. ಈಗಲೂ ಇದಾಳೆ. ನೀನು ಇವಳ ಪಕ್ಕದಲ್ಲೇ ಆಟ ಆಡ್ಕೊಂಡು ಬೆಳೆದೆ."

ಆಗ ಫಿಚ್ ಅಜ್ಜ ಕೆಮ್ಮಿದರು. ಊರಿನ ಮಾನ ಮಣ್ಣುಪಾಲಾಯಿತೆಂದು ಹೇಳುತ್ತಾರೆ ಎಂದು ಎಲ್ಲರೂ ಕಾದೆವು. ಅವರು ಬಹಳ ಹೊತ್ತು ಗಡ್ಡ ತುರಿಸಿಕೊಂಡರು.

"ಟ್ರೈಫೀನಾ, ಇದು ಇಲ್ಲೇ ಇರ್ಲಿ. ನಾವೂ ವಾಪಸ್ ಹೋಗ್ತಿದ್ದೋರೇ ಕಣಮ್ಮ. ನಿಮ್ಮ ಒಲೆ ಹೊಗೆ ನೋಡಿ, ಸದ್ಯ ಮಿಸೂರಿ ಬಂತು ಅಂತ ಇಳಿದ್ವಿ."

"ಗೊತ್ತು" ಎಂದಳು ಅಜ್ಜಿ. "ನಿನ್ನ ಹೆಂಡ್ತಿ ಮೊದಲನೇ ವಾರನೇ ಹೇಳಿದ್ಲು."

ಫಿಚ್ ಅಜ್ಜ ಹೋಗುವಾಗ ನೆಟ್ಟಗೆ ನಡೆದು ಹೋದರು. ಸಂಘದಲ್ಲಿ ಉಳಿದ ಹಳಬರನ್ನೂ ಒಬ್ಬೊಬ್ಬರನ್ನಾಗಿ ಕೇಳಿ ನೋಡಿದರೆ ಊರು ಹೇಗೆ ಬೆಳೆಯಿತು ಎಂಬುದು ಚೆನ್ನಾಗಿ ತಿಳಿಯಬಹುದು. ಕೇಳುವುದು ಬೇಡವೆಂದು ಸಂಘ ತೀರ್ಮಾನಿಸಿತು. ನ್ಯಾಯಾಲಯದ ಮುಂದಿನ ಕಟ್ಟೆಯ ಮೇಲೆ ಈಗ ಒಂದು ಹೂಕುಂಡ ಇದೆ.

ಕಲ್ಲು ಎದ್ದೇಳುವುದು ತಪ್ಪಿತು, ಆದರೆ ಕಲ್ಲುಕುಟಿಗ ಬಂದಾಗಿತ್ತು. ಬೆಂಕೆ ಇನ್ನೂ ಅಳತೆಕೋಲು ಹಿಡಿದು ನಿಂತಿದ್ದ. ಹೆಸರು ಕೆತ್ತು ಎಂದಳು ಅಜ್ಜಿ. ಓರ್ಫಾ ಪೆಲ್ಟನ್, ಅಷ್ಟು ಸಾಕು. ಹಳೆಯ ಎರಡು ಅಕ್ಷರ ಅಳಿಸಲೇ ಎಂದು ಅವನು ಕೇಳಿದ. ಇರಲಿ ಎಂದಳು. ಹೊತ್ತು ತಂದವರು ಅವರೇ ತಾನೆ, ಇಲ್ಲಿಯವರೆಗಂತೂ ತಂದರಲ್ಲ ಎಂದಳು.

ಅವನು ಮೊಣಕಾಲೂರಿ ಕಲ್ಲಿನ ಸುತ್ತ ಒಮ್ಮೆ ನೋಡಿದ. "ಮಲಗಿದ ಕಲ್ಲು. ಓದೋರು ಯಾವ ಕಡೆ ನಿಲ್ಲಬೇಕು?"

ದೊಡ್ಡಪ್ಪನಿಗೆ ಅಷ್ಟು ಹೊತ್ತಿಗೆ ಸ್ವಲ್ಪ ಗಟ್ಟಿತನ ಮರಳಿತ್ತು. ಊರು ನಮ್ಮ ಮನೆಯಿಂದ ಪೂರ್ವಕ್ಕಿದೆ, ಜನ ಬರುವುದು ಆ ಕಡೆಯಿಂದ, ನೆಲಸಿಗರೆಲ್ಲ ಬಂದದ್ದೂ ಪೂರ್ವದಿಂದಲೇ, ಆದ್ದರಿಂದ ಪೂರ್ವದಿಂದ ಬಂದವರಿಗೆ ನೆಟ್ಟಗೆ ಕಾಣಬೇಕು ಎಂದು ವಿವರಿಸಿದರು. ವಿವರಣೆ ಚೆನ್ನಾಗಿತ್ತು. ಅಜ್ಜಿ ಕೈಯಲ್ಲಿದ್ದ ಬೀನ್ಸ್ ಸಿಪ್ಪೆಯನ್ನು ಪಶ್ಚಿಮಕ್ಕೆ ಚಾಚಿದಳು.

"ನಾವು ಬಂದಿದ್ದು ಆ ಕಡೆಯಿಂದ."

ಬೆಂಕೆ ತಲೆಯಾಡಿಸಿ, ಆ ಕಡೆಗೆ ಎದ್ದು ಹೋಗಿ ಉಳಿ ಹಿಡಿದ.

ಕೂಟದ ದಿನ ದೊಡ್ಡಪ್ಪ ಅಚ್ಚಾದ ಭಾಷಣವನ್ನೇ ಓದಿದರು. ಹಿಂದಕ್ಕೆ ತಿರುಗುವ ಗಂಡಸರ ಭಾಗ ಬಂದಾಗ ಎರಡು ಹಾಳೆ ಒಟ್ಟಿಗೆ ಮಗುಚಿದರು. ಅಜ್ಜಿ ತೂಗುಕುರ್ಚಿಯಲ್ಲಿ ನಿದ್ದೆ ಹೋಗಿದ್ದಳು, ಅಥವಾ ಕಣ್ಣು ಮುಚ್ಚಿಕೊಂಡಿದ್ದಳು. ಯಾವುದು ಎಂದು ನನಗೆ ಖಚಿತವಾಗಿ ತಿಳಿಯದು. ಊಟವಾದ ಮೇಲೆ ಊರಿನವರು ಪ್ಲಮ್ ಪೈ ಕೈಯಲ್ಲಿ ಹಿಡಿದುಕೊಂಡೇ ಗುಂಪುಗುಂಪಾಗಿ ನಮ್ಮ ಮನೆಗೆ ನಡೆದು ಬಂದರು. ಬಂದವರೆಲ್ಲ ಪೂರ್ವದ ಬದಿಯಲ್ಲಿ ನಿಂತು, ಅಕ್ಷರ ತಲೆಕೆಳಗಾಗಿ ಕಂಡು ಕತ್ತು ಓರೆ ಮಾಡಿದರು. ಜರ್ಮನ್ ಕುಟಿಗ ಗೊತ್ತಿಲ್ಲದೆ ತಪ್ಪು ಮಾಡಿದ್ದಾನೆ ಎಂದು ಒಬ್ಬಿಬ್ಬರು ನಕ್ಕರು.

ಕೊನೆಯಲ್ಲಿ ದೊಡ್ಡಪ್ಪ ಬಂದರು. ಅವರೂ ಮೊದಲು ಈ ಬದಿಯಲ್ಲೇ ನಿಂತರು. ಆಮೇಲೆ ಕಲ್ಲನ್ನು ಸುತ್ತಿ ಪಶ್ಚಿಮದ ಬದಿಗೆ ಹೋಗಿ, ಬಂದ ದಾರಿಯ ಕಡೆಗೆ ಮುಖ ಮಾಡಿ ನಿಂತು, ಟೊಪ್ಪಿಗೆ ತೆಗೆದು ಅಕ್ಕನ ಹೆಸರನ್ನು ಓದಿದರು.